ಅನಿಮಿಷನ ನಿದ್ರೆ

ಸೂಲೂರಿನ ಮಕ್ಕಳಿಗೆ ಮೀನೆಂದರೆ ಕೆರೆಯ ಮೀನು. ನೊಯ್ಯಲ್ ಹೊಳೆಯ ನೀರು ತುಂಬುವ ಕೆರೆಗಳು ಅವರ ಕಣ್ಣೆದುರಿಗಿವೆ. ಕಡಲಾದರೋ ಪಾಲಕ್ಕಾಡು ಕಣಿವೆಯ ಆಚೆ, ಬಹು ದೂರ. ಇಂತಹ ಊರಿನ ಒಂದು ಕನ್ನಡ ನೇಕಾರರ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಿದೆಯೆಂದು ಕೇಳಿ, ಒಂದು ಸಂಜೆ ನೋಡಲು ಹೋದೆ. ಲೀಟರು ನೀರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣ ಸೇರಿಸಿ, ಸಮುದ್ರದ ಒಂದು ತುಣುಕನ್ನೇ ಮನೆಯೊಳಗೆ ತಂದಿರಿಸಿದ್ದ ಆ ಹುಡುಗನ ಶ್ರದ್ಧೆ ಮೆಚ್ಚತಕ್ಕದ್ದು. ಆದರೆ ಕಲ್ಲು ಮರಳುಗಳಲ್ಲದೆ ನನಗೆ ಬೇರೇನೂ ಕಾಣಲಿಲ್ಲ. ಅವನು ಸಾಕಿದ್ದು ರಾಸ್ ಎಂಬ ಕುಲದ ಮೀನು. ಆ ಕುಲದ ಕೆಲವು ಮೀನುಗಳು ಕತ್ತಲಾಗುವ ಹೊತ್ತಿಗೆ ಮರಳಿನಲ್ಲಿ ಹೂತುಕೊಂಡು ಮಲಗುತ್ತವೆ.

"ಕಡ್ಡಿಯಿಂದ ಸ್ವಲ್ಪ ಕೆದಕಬಾರದೇ?" ಎಂದೆ.

"ಬೇಡಿ ಮೇಷ್ಟ್ರೆ, ಅದು ನಿದ್ದೆ ಮಾಡುತ್ತಿದೆ" ಎಂದ.

ಮಾತು ಚಿಕ್ಕದು. ಆದರೂ ಅದು ನನ್ನನ್ನು ಬಹಳ ದಿನ ಕಾಡಿತು.

ಸಂಸ್ಕೃತದಲ್ಲಿ 'ಅನಿಮಿಷ' ಎಂಬ ಶಬ್ದ ದೇವತೆಗೂ ಸಲ್ಲುತ್ತದೆ, ಮೀನಿಗೂ ಸಲ್ಲುತ್ತದೆ. ಎವೆಯಿಕ್ಕದವನು ಎಂದರ್ಥ. ಮೀನಿಗೆ ನಮ್ಮಂತೆ ಮುಚ್ಚುವ ರೆಪ್ಪೆಯಿಲ್ಲದ ಕಾರಣ ಅದಕ್ಕೆ ನಿದ್ರೆಯೂ ಇಲ್ಲವೆಂದು ನಮ್ಮಲ್ಲಿ ಅನೇಕರು ಎಣಿಸಿದ್ದೇವೆ. ವಾಸ್ತವವಾಗಿ ಅದರ ಕಣ್ಣು ತೆರೆದಿದ್ದರೂ ದೇಹ ನಿಶ್ಚಲವಾಗುತ್ತದೆ. ಸುತ್ತಲಿನ ಚಲನೆಗೆ ಅದು ಬೇಗನೆ ಓಗೊಡುವುದಿಲ್ಲ. ಎಚ್ಚರವನ್ನು ಬಿಟ್ಟುಕೊಟ್ಟ ಆ ಹೊತ್ತಿನಲ್ಲಿ ಅದನ್ನು ಕಾಯುವುದು ಅಡಗುದಾಣವೊಂದೇ.

ಮುರುಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಹವಳದ ಬಂಡೆಗಳಲ್ಲಿ ಗಿಳಿಮೀನುಗಳಿವೆ. ಈ ವರ್ಗದ ಕೆಲವು ಮೀನುಗಳು ಮಲಗುವ ಮುನ್ನ ಬಾಯಿಂದ ಲೋಳೆಯನ್ನು ಹೊರಸೂಸಿ, ಮೈಸುತ್ತ ತೆಳುವಾದ ಗೂಡು ಕಟ್ಟಿಕೊಳ್ಳುತ್ತವೆ. ಇದೇತಕ್ಕೆ? 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗೂಡನ್ನು ತೆಗೆದುಹಾಕಿದ ಮೀನುಗಳಲ್ಲಿ ನೂರಕ್ಕೆ 94ರಷ್ಟು ರಕ್ತ ಹೀರುವ ಕಿರುಜೀವಿಗಳಿಗೆ ತುತ್ತಾದವು. ಗೂಡಿನಲ್ಲಿದ್ದವುಗಳಲ್ಲಿ ತುತ್ತಾದವು ನೂರಕ್ಕೆ 10 ಮಾತ್ರ. ಅದು ಮೀನಿನ ಸೊಳ್ಳೆಪರದೆ! ಟ್ರಿಗರ್ ಮೀನಾದರೋ ಬಂಡೆಯ ಸಂದಿಗೆ ನುಗ್ಗಿ, ಬೆನ್ನಿನ ಮುಳ್ಳನ್ನು ನಿಗುರಿಸಿ, ಒಳಗಿನಿಂದ ಅಗಳಿ ಹಾಕಿದಂತೆ ಭದ್ರವಾಗಿ ನಿಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ತೊಟ್ಟಿಯಲ್ಲಿ ಶತ್ರುವಿಲ್ಲ, ಹೊತ್ತಿಗೆ ಮೇವುಂಟು. ಹಣ ಕೊಟ್ಟು ತಂದವನಿಗೆ ನೋಡುವ ಅಧಿಕಾರವಿಲ್ಲವೇ? ಭಯಕ್ಕೆ ಕಾರಣವೇ ಇಲ್ಲದಿರುವಾಗ ಅಡಗುವುದು ವ್ಯರ್ಥವಲ್ಲವೇ?

ಶತ್ರುವಿಲ್ಲವೆಂದು ಬಲ್ಲವರು ನಾವು. ಮೀನು ಅದನ್ನು ಹೇಗೆ ಬಲ್ಲದು? ಬಲಿಷ್ಠನು ತನ್ನ ಮನಸ್ಸಿನಲ್ಲಿ ಕೊಟ್ಟ ಅಭಯ ದುರ್ಬಲನಿಗೆ ತಲುಪುವವರೆಗೆ ಅಭಯವೇ ಅಲ್ಲ. ಮೀನಿಗೆ ತಲುಪಬಲ್ಲ ಅಭಯ ಒಂದು ಸಂದಿ, ಒಂದು ಹಿಡಿ ಮರಳು, ಒಂದಿಷ್ಟು ಕತ್ತಲೆ. ಅವನ್ನು ಕಿತ್ತುಕೊಂಡು, ನಂಟರು ಬಂದಾಗಲೆಲ್ಲ ಕೆದಕಿ ಎಬ್ಬಿಸಿದರೆ, ಅಂಜಿದ ಮೀನು ಮೇವು ಬಿಡುತ್ತದೆ; ರೋಗಕ್ಕೆ ಸುಲಭವಾಗಿ ಈಡಾಗುತ್ತದೆ. ಅದರ ಕಡಲನ್ನು ಕಸಿದುಕೊಂಡವರು ನಾವು. ಮರೆಯನ್ನಾದರೂ ಉಳಿಸಿಕೊಡುವುದು ನಮ್ಮ ಮೇಲಿನ ಋಣ.

ಹಾಗಾದರೆ ಸಾಕುವುದೇ ತಪ್ಪಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಅಂಗಡಿಗೆ ಬರುವ ಎಷ್ಟೋ ಮೀನುಗಳು ಹವಳದ ಬಂಡೆಗಳಿಂದ ಹಿಡಿದು ತಂದವೇ. ಆದರೆ ಒಂದು ಒರೆಗಲ್ಲನ್ನು ಮಾತ್ರ ಸೂಚಿಸಬಲ್ಲೆ: ಏನೂ ಕಾಣದ ತೊಟ್ಟಿಯ ಮುಂದೆ ಸಮಾಧಾನದಿಂದ ಕುಳಿತಿರಲಾರದವನು ಮೀನನ್ನು ಸಾಕಬಾರದು. ಹಗಲೆಲ್ಲ ಅಡಗಿಯೇ ಇರುವ ಮೀನಿಗೆ ರೋಗವೋ ಹೆದರಿಕೆಯೋ ಇರಬಹುದು. ಆಗ ವಿಚಾರಿಸುವುದು ಕರ್ತವ್ಯವೇ. ಆಗಲೂ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನು, ಬೆಳಕನ್ನು, ಜೊತೆಯ ಮೀನುಗಳನ್ನು.

ಉಪಾಧ್ಯಾಯನಾದ ನನಗೆ ಇದು ಹೊಸ ಪಾಠ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಹುಡುಗನನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ, ಅದನ್ನೇ ಆಸಕ್ತಿಯೆಂದು ನಾನು ತಿಳಿದದ್ದುಂಟು. ಕೈಯಲ್ಲಿ ಕಡ್ಡಿಯಿರಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಪಾಠಶಾಲೆಗೆ ಹೋಗುವ ದಾರಿಯಲ್ಲಿ ಆ ಮನೆಗೆ ಮತ್ತೆ ಹೋದೆ. ಹುಡುಗ ಮಾತಾಡದೆ ಒಂದು ಮಣೆಯಿಟ್ಟ. ಬಹಳ ಹೊತ್ತಿನ ಮೇಲೆ ಮರಳು ಒಂದೆಡೆ ಅಲುಗಾಡಿತು. ಮೊದಲು ಮೂತಿ, ಅನಂತರ ಮೈ, ತನ್ನಿಚ್ಛೆಯಿಂದಲೇ ಹೊರಗೆ ಬಂತು.