‘ಸಾಕು’ ಎನ್ನುವವರು ಯಾರು?

ಜೂನ್ ತಿಂಗಳ ನಡುಮಧ್ಯಾಹ್ನ. ಮಸ್ಕತ್‌ನ ವಾದಿ ಕಬೀರ್‌ನಲ್ಲಿ ಸುತ್ತಲಿನ ಬೋಳುಗುಡ್ಡಗಳು ಬೆಳಗಿನಿಂದ ಹೀರಿದ ಬಿಸಿಲನ್ನು ಕಣಿವೆಯ ಮೇಲೇ ಕಾರುತ್ತಿರುತ್ತವೆ. ಗ್ಯಾರೇಜುಗಳ ಸಾಲಿನಲ್ಲಿ ಬಾನೆಟ್ ಎತ್ತಿದ ಗಾಡಿಗಳು ನಿಂತಲ್ಲೇ ನಿಂತಿವೆ. ಹೊರಗೆ ಬಿಟ್ಟ ಸ್ಪ್ಯಾನರ್ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಹನ್ನೆರಡೂವರೆ ಆಗುತ್ತಲೇ ಕಟ್ಟಡದ ಕೆಲಸಗಾರರು ನೆರಳು ಹುಡುಕಿಕೊಂಡು ಇಳಿಯುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನಲ್ಲಿ ಯಾರನ್ನೂ ದುಡಿಸುವಂತಿಲ್ಲ ಎಂಬುದು ಒಮಾನಿನ ನಿಯಮ. ಮೇಸ್ತ್ರಿಯ ಮನಸ್ಸು ಕರಗಬೇಕಿಲ್ಲ, ಮಾಲೀಕನ ಅಪ್ಪಣೆಗೆ ಕಾಯಬೇಕಿಲ್ಲ. ‘ಸಾಕು’ ಎಂಬ ಮಾತನ್ನು ಗಡಿಯಾರವೇ ಹೇಳುತ್ತದೆ.

ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ದುಡಿಮೆಯ ಮಾತು ಬಂದರೆ ಕಾಯಕದ ಮಾತು ಬಂದೇ ಬರುತ್ತದೆ. ಆದರೆ ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರು ಕಾಯಕವನ್ನು ತಾವಾಗಿಯೇ ವ್ರತದಂತೆ ಹಿಡಿದವರು. ಮಂಗಳೂರಿನಿಂದಲೋ ಭಟ್ಕಳದಿಂದಲೋ ವಾದಿ ಕಬೀರ್‌ಗೆ ಬಂದವನ ಕಸುಬು ವೀಸಾದಲ್ಲೇ ನಮೂದಾಗಿರುತ್ತದೆ. ಸಂಬಳ, ಹೊತ್ತು, ರಜೆ ಎಲ್ಲವೂ ಕರಾರಿನಲ್ಲಿರುತ್ತವೆ. ಇನ್ನೊಬ್ಬರ ಲಾಭಕ್ಕಾಗಿ, ಇನ್ನೊಬ್ಬರು ಗೊತ್ತು ಮಾಡಿದ ಹೊತ್ತಿನಲ್ಲಿ ಮಾಡುವ ಕೆಲಸ ಕಾಯಕವಾದೀತೆ?

ಆಡಳಿತಶಾಸ್ತ್ರ ಈ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಕೇಳುತ್ತ ಬಂದಿದೆ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ವೈಜ್ಞಾನಿಕ ಆಡಳಿತದ ತತ್ವಗಳ ಮೇಲೆ 1911ರಲ್ಲಿ ತಂದ ಪುಸ್ತಕದಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಒಬ್ಬ ಕೂಲಿಯ ಕಥೆ ಬರುತ್ತದೆ. ಒಂದೊಂದೂ ಸುಮಾರು 42 ಕಿಲೋ ತೂಗುವ ಕಬ್ಬಿಣದ ಗಟ್ಟಿಗಳನ್ನು ರೈಲುಗಾಡಿಗೆ ಹೇರುವ ಆಳು ಆತ. ದಿನಕ್ಕೆ ಹನ್ನೆರಡೂವರೆ ಟನ್ ಹೇರುತ್ತಿದ್ದವನು 47 ಟನ್ ಹೇರುವಂತಾದ, ಕೂಲಿ 1.15 ಡಾಲರಿನಿಂದ 1.85ಕ್ಕೆ ಏರಿತು ಎನ್ನುತ್ತಾನೆ ಟೇಲರ್. ಆತನನ್ನು ಕಟುಕನೆಂದರೆ ಅನ್ಯಾಯವಾದೀತು. ಅಷ್ಟು ಭಾರ ಹೊರುವವನ ಮೈಗೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಬಿಡುವು ಬೇಕೆಂದು ಲೆಕ್ಕ ಹಾಕಿದವನೂ ಅವನೇ. ಆದರೆ ಹೊರು ಎನ್ನುವವನೂ ಕೂರು ಎನ್ನುವವನೂ ಗಡಿಯಾರ ಹಿಡಿದು ನಿಂತ ಮೇಲಿನವನು. ಮೈ ಕೂಲಿಯದು, ಅದರ ಲೆಕ್ಕ ಇನ್ನೊಬ್ಬನದು.

ಈ ಲೆಕ್ಕದ ಮುಂದೆ ಆಯ್ದಕ್ಕಿ ಲಕ್ಕಮ್ಮನನ್ನು ನಿಲ್ಲಿಸಿ ನೋಡಬೇಕು. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಗಂಡ ಮಾರಯ್ಯನೊಂದಿಗೆ ಕಲ್ಯಾಣಕ್ಕೆ ಬಂದವಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮರಿಗೆ ಬಡಿಸುವುದು ಅವರಿಬ್ಬರ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಮಡಕೆಗೆ ಹಾಕಲಿಲ್ಲ. ಇಷ್ಟೇಕೆ ಎಂದು ಕೇಳಿದಳು. ಆಸೆ ಆಳುವವರಿಗಿರಲಿ, ಶರಣರಿಗೆ ಬೇಡವೆಂದು ಹೇಳಿ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬರಲು ಕಳಿಸಿದಳು. ಅನುಭವಗೋಷ್ಠಿಯಲ್ಲಿ ಮೈಮರೆತು ಕೂತ ಅದೇ ಗಂಡನಿಗೆ ಕಾಯಕ ನಿಂತಿದೆ, ಏಳು ಎಂದು ನೆನಪಿಸಿದವಳೂ ಇವಳೇ.

ಇಲ್ಲಿ ಎರಡು ಮಾತು ಒಟ್ಟಿಗೆ ಇವೆ: ಕೆಲಸ ಬಿಡಬೇಡ, ಸಾಕಾದದ್ದಕ್ಕಿಂತ ಹೆಚ್ಚು ತರಬೇಡ. ಇಂದು ಕಾಯಕದ ಹೆಸರು ಹೇಳಿ ಇನ್ನೆರಡು ಗಂಟೆ ಹೆಚ್ಚು ದುಡಿಸುವವರು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಆಗ ಕಾಯಕಕ್ಕೂ ಟೇಲರನ ಗಡಿಯಾರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಲಕ್ಕಮ್ಮನ ಮಾತಿಗೆ ಬೆಲೆ ಬಂದದ್ದು ಅವಳ ಸ್ಥಾನದಿಂದಲ್ಲ. ಆ ಸಮುದಾಯದಲ್ಲಿ ಅಂಥ ಮಾತು ಆಡುವುದಕ್ಕೆ ಜಾಗವಿತ್ತು, ಕೇಳುವ ಕಿವಿ ಇತ್ತು.

ಆ ಜಾಗವನ್ನೇ ಆಧುನಿಕ ಚಿಂತಕರು ಸಂಸ್ಥೆಯ ಸಂಸ್ಕೃತಿ ಎಂದು ಕರೆದರು. ಕೆಲಸಗಾರ ಸ್ವಭಾವತಃ ಮೈಗಳ್ಳ ಎಂಬ ನಂಬಿಕೆಯೇ ಅನೇಕ ಕಾರ್ಖಾನೆಗಳ ಅಡಿಗಲ್ಲು ಎಂದು ಡಗ್ಲಸ್ ಮೆಕ್‌ಗ್ರೆಗರ್ 1960ರಲ್ಲಿ ತೋರಿಸಿ, ನಂಬಿಕೆ ಇಟ್ಟರೆ ಜನ ತಾವೇ ಹೊಣೆ ಹೊರುತ್ತಾರೆ ಎಂದು ವಾದಿಸಿದ. ಎಡ್ಗರ್ ಶೈನ್ 1985ರಲ್ಲಿ ಸಂಸ್ಕೃತಿಯನ್ನು ಮೂರು ಪದರಗಳಾಗಿ ಬಿಡಿಸಿದ: ಕಣ್ಣಿಗೆ ಕಾಣುವುದು, ಬಾಯಲ್ಲಿ ಹೇಳುವುದು, ಯಾರೂ ಹೇಳದೆಯೇ ಎಲ್ಲರೂ ನಂಬಿರುವುದು. ಮೂರನೆಯದೇ ನಿಜವಾಗಿ ಆಳುವುದು.

ಅದನ್ನು ಗ್ಯಾರೇಜಿನಲ್ಲಿಟ್ಟು ನೋಡಬಹುದು. ಸುರಕ್ಷತೆಯೇ ಮೊದಲು ಎಂಬ ಬೋರ್ಡು ಗೋಡೆಯ ಮೇಲಿದೆ. ಗಾಡಿ ಬರೀ ಜಾಕ್ ಮೇಲೆ ನಿಂತಿದೆ. ಊರಿನಿಂದ ಬಂದು ಎರಡು ತಿಂಗಳಾಗದ ಹುಡುಗ, “ಅಣ್ಣಾ, ಸ್ಟ್ಯಾಂಡ್ ಇಡದೆ ನಾನು ಕೆಳಗೆ ಹೋಗುದಿಲ್ಲ” ಅನ್ನುತ್ತಾನೆ ಎಂದುಕೊಳ್ಳೋಣ. ಮುಂದಿನ ಅರೆಕ್ಷಣದಲ್ಲಿ ಆ ಅಣ್ಣನ ಮುಖ ಹೇಗಾಗುತ್ತದೆ ಎಂಬುದರಲ್ಲಿ ಶೈನ್ ಹೇಳಿದ ಮೂರನೆಯ ಪದರ ಇದೆ.

ಇಂಥ ನಂಬಿಕೆಯನ್ನು ದೇಶಗಳ ಮಟ್ಟದಲ್ಲಿ ಅಳೆಯಹೊರಟ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ನೌಕರರ ಉತ್ತರಗಳನ್ನು ದೇಶವಾರು ಹೋಲಿಸಿ, ಅಧಿಕಾರದ ಅಂತರವನ್ನು ಸಹಜವೆಂದು ಒಪ್ಪಿಕೊಳ್ಳುವ ಅಳತೆಯಲ್ಲಿ ಭಾರತಕ್ಕೆ 77, ಅರಬ್ ದೇಶಗಳ ಗುಂಪಿಗೆ 80 ಅಂಕ ಕೊಟ್ಟ. ಹಾಗಾದರೆ ಹುಡುಗ ಬಾಯಿ ಮುಚ್ಚಿಕೊಂಡಿರುವುದೇ ನಮ್ಮಿಬ್ಬರ ಸಂಸ್ಕೃತಿಯೇ? ಲಕ್ಕಮ್ಮ ಅಲ್ಲವೆನ್ನುತ್ತಾಳೆ. ಒಮಾನಿನ ನೆಲವೂ ಅಲ್ಲವೆನ್ನುತ್ತದೆ.

ಗುಡ್ಡದ ಬುಡದಿಂದ ಕಾಲುವೆಯಲ್ಲಿ ನೀರು ಹರಿಸುವ ಇಲ್ಲಿನ ಫಲಜ್ ಪದ್ಧತಿಯ ಐದು ಕಾಲುವೆಗಳು 2006ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ನಿಜ್ವಾದ ಫಲಜ್ ದಾರಿಸ್ ಅವುಗಳಲ್ಲೊಂದು. ಅಲ್ಲಿ ನೀರನ್ನು ಅಳೆಯುವುದು ಹೊತ್ತಿನಿಂದ: ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ. ಒಟ್ಟು ಉಸ್ತುವಾರಿಗೆ ವಕೀಲ್, ಸರದಿಗೆ ಅರೀಫ್. ಮೊದಲು ಕುಡಿಯುವುದಕ್ಕೆ, ಆಮೇಲೆ ತೋಟಕ್ಕೆ. ನಮ್ಮ ಕೆರೆ ಏರಿಯ ಮೇಲೆ ತೂಬು ಕಾಯುವ ನೀರುಗಂಟಿಗೆ ಈ ವ್ಯವಸ್ಥೆ ವಿವರಿಸಿ ಹೇಳಬೇಕಾಗಿಲ್ಲ. ಕಡೆಯ ಗದ್ದೆಗೂ ನೀರು ತಲುಪಬೇಕಾದರೆ ಮೇಲಿನ ಗದ್ದೆಯವನಿಗೆ ಸಾಕು ಎನ್ನುವ ಅಧಿಕಾರ ನೀರುಗಂಟಿಗಿರುತ್ತಿತ್ತು, ಆತ ಆ ಊರಿನ ಬಡವನೇ ಆಗಿದ್ದರೂ.

ಆದ್ದರಿಂದ ಕೂಲಿಯ ಕೆಲಸ ಕಾಯಕವಾಗುವುದು ದುಡಿಯುವವನ ಭಕ್ತಿಯೊಂದರಿಂದಲೇ ಅಲ್ಲ. ಬೇಡ ಎನ್ನಲು ಬಾಯಿ ಇರಬೇಕು. ಬಿಟ್ಟು ಹೋಗಲು ದಾರಿ ಇರಬೇಕು. ಒಮಾನಿನಲ್ಲಿ ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಹೊರದೇಶದವರು ಕೆಲಸ ಬದಲಿಸುವುದು ಬಹಳ ವರ್ಷ ಕಷ್ಟವಿತ್ತು. ಕರಾರು ಮುಗಿದವರಿಗೆ ಆ ಪತ್ರ ಬೇಡವೆಂಬ ನಿಯಮ 2021ರ ಜನವರಿಯಿಂದ ಜಾರಿಗೆ ಬಂತು. ಆ ಒಂದು ಕಾಗದ ಬೇಡವಾದ ಮೇಲೆ ಉಳಿಯುವವನು ತಾನಾಗಿ ಉಳಿದಾನು. ತಾನಾಗಿ ಹಿಡಿದ ದುಡಿಮೆಗೇ ಅಲ್ಲವೇ ಶರಣರು ಕಾಯಕವೆಂದದ್ದು?

ಮೂರೂವರೆ ದಾಟಿದೆ. ಬಿಸಿಲಿನ್ನೂ ತಗ್ಗಿಲ್ಲ. ಷಟರುಗಳು ಒಂದೊಂದಾಗಿ ಗಡಗಡ ಮೇಲೇರುತ್ತವೆ. ಹಿರಿಯ ಮೆಕ್ಯಾನಿಕ್ ಒಬ್ಬ ಎರಡು ಸ್ಟ್ಯಾಂಡ್‌ಗಳನ್ನು ಕಾಲಿನಿಂದ ತಳ್ಳಿ ಚಾಸಿಯ ಕೆಳಗೆ ಸರಿಸುತ್ತಾನೆ, ಜಾಕ್ ಇಳಿಸಿ ಗಾಡಿಯನ್ನು ಒಮ್ಮೆ ಅಲುಗಿಸಿ ನೋಡುತ್ತಾನೆ. ರಟ್ಟಿನ ತುಂಡು ಹಾಸಿಕೊಂಡು ಕಾದಿದ್ದ ಹುಡುಗ ಆಮೇಲೆ ಕೆಳಗೆ ಜಾರುತ್ತಾನೆ.