ಅಮಾನತ್ತಿನ ಲೆಕ್ಕ ಯಾರು ಕೇಳಬೇಕು?

ಗೊಳಸಂಗಿಯಂಥ ಊರುಗಳಲ್ಲೂ ಇಂದು ಕೂಲಿಯ ದುಡ್ಡು ಉಳಿಸಿ ಮಕ್ಕಳನ್ನು ಖಾಸಗಿ ನರ್ಸರಿಗೆ ಕಳಿಸುವ ತಾಯಂದಿರಿದ್ದಾರೆ. ಆ ಶಾಲೆಗಳನ್ನು ನೋಡುವವರು ಯಾರು? ಶಿಕ್ಷಣಾಧಿಕಾರಿ ಬರುತ್ತಾರೆಂದರೆ ಎಷ್ಟೋ ಕಡೆ ಗೋಡೆಗೆ ಸುಣ್ಣ, ಹಾಜರಿ ಪುಸ್ತಕಕ್ಕೆ ಸಹಿ ಬೀಳುತ್ತದೆ. ಕಡತ ನೋಡಿ, ಚಹಾ ಕುಡಿದು ಹೊರಟರೆ ತಪಾಸಣೆ ಮುಗಿಯಿತು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಖಾಸಗಿ ಶಾಲೆಯೊಂದರ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಬಲಿಯಾದರು. ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಾವು ಅಲ್ಪಸಂಖ್ಯಾತರು, ಸಂವಿಧಾನದ 30ನೇ ವಿಧಿ ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ ಎನ್ನುತ್ತೇವೆ. ನಿಜ. ಆದರೆ ಕೆಟ್ಟದಾಗಿ ನಡೆಸುವ ಹಕ್ಕು ಅದರಲ್ಲಿಲ್ಲವೆಂದು ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯ 1958ರಲ್ಲೇ ತಿಳಿಸಿದೆ. ನಮ್ಮ ಪರಂಪರೆಗೂ ಇದು ಹೊಸ ಮಾತಲ್ಲ. ಪೇಟೆಯ ತೂಕ ನೋಡುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿಗೆ, ಮಕ್ಕಳನ್ನು ಮಿತಿಮೀರಿ ಹೊಡೆಯುವ ಉಸ್ತಾದರನ್ನು ತಡೆಯುವ ಹೊಣೆಯೂ ಇತ್ತೆಂದು 14ನೇ ಶತಮಾನದ ಇಬ್ನ್ ಖಲ್ದೂನ್ ಬರೆದಿದ್ದಾರೆ.

ತಪಾಸಣೆಯ ಹೆಸರಲ್ಲಿ ಕಿರುಕುಳ, ಲಂಚ ಇದೆಯೆಂಬ ದೂರು ಸುಳ್ಳಲ್ಲ. ಅದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ, ಇನ್ನಷ್ಟು ತೆರೆಯುವುದು. ಅಧಿಕಾರಿಗೆ ಕಡತಕ್ಕಿಂತ ಮೊದಲು ಕುಡಿಯುವ ನೀರು, ಶೌಚಾಲಯ, ಬೆಂಕಿ ಬಿದ್ದರೆ ಮಕ್ಕಳು ಓಡಿಬರುವ ದಾರಿ ತೋರಿಸೋಣ. ಅವರು ಬಾರದ ದಿನಗಳಲ್ಲಿ ತಂದೆತಾಯಿಗಳೇ ಒಳಹೊಕ್ಕು ನೋಡಲಿ. ಮಗು ನಮ್ಮ ಕೈಗೆ ಬಂದ ಅಮಾನತ್ತು. ಅಮಾನತ್ತನ್ನು ಪ್ರಾಮಾಣಿಕವಾಗಿ ಕಾಯುವವನಿಗೆ ಲೆಕ್ಕ ಕೇಳುವವರ ಭಯವೇಕೆ?