ಕೊಟ್ಟ ಮಾತಿನ ತೂಕ

ರಾಜ್ಯವು ಪ್ರಜೆಗಳಿಗೆ ಕೊಟ್ಟ ಮಾತನ್ನು ಮುರಿಯಬಹುದೇ? ಮುರಿದುದರಿಂದ ಬಹುಜನರಿಗೆ ಒಳಿತಾದರೆ ಅದು ಧರ್ಮವೆನಿಸುವುದೇ? ಈ ಪ್ರಶ್ನೆಯನ್ನು ಗಾಳಿಯಲ್ಲಿ ತೂಗುವುದಕ್ಕಿಂತ ಒಂದು ನಾಣ್ಯವನ್ನು ಮುಂದಿಟ್ಟುಕೊಂಡು ಕೇಳುವುದು ಲೇಸೆಂದು ನಮಗೆ ತೋರುತ್ತದೆ. ಅದು ಅಮೆರಿಕದ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ, 'ಡಬಲ್ ಈಗಲ್'. ಒಂದು ಮುಖದಲ್ಲಿ ಪಂಜು ಹಿಡಿದು ನಡೆದುಬರುವ ಸ್ವಾತಂತ್ರ್ಯದೇವಿ, ಇನ್ನೊಂದರಲ್ಲಿ ಹಾರುವ ಹದ್ದು.

1933ರ ಏಪ್ರಿಲ್ 5ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆಜ್ಞೆ ಹೊರಡಿಸಿದರು. ಪ್ರಜೆಗಳು ತಮ್ಮಲ್ಲಿರುವ ಚಿನ್ನದ ನಾಣ್ಯ, ಗಟ್ಟಿಗಳನ್ನು ಮೇ 1ರೊಳಗೆ ಒಪ್ಪಿಸಿ, ಔನ್ಸಿಗೆ 20.67 ಡಾಲರಿನಂತೆ ಬೇರೆ ಹಣ ಪಡೆಯಬೇಕು. ತಪ್ಪಿದರೆ ಹತ್ತು ವರ್ಷಗಳವರೆಗೆ ಸೆರೆ. (ಒಡವೆಗಳನ್ನು ಮುಟ್ಟಲಿಲ್ಲ; ನಮ್ಮ ಹೆಣ್ಣುಮಕ್ಕಳು ಮೊದಲು ಕೇಳುವುದು ಅದನ್ನೇ.) ತಲೆಗೆ ನೂರು ಡಾಲರಿನಷ್ಟು ನಾಣ್ಯಗಳನ್ನು ಇಟ್ಟುಕೊಳ್ಳಬಹುದಿತ್ತು. ಸಂಗ್ರಾಹಕರು ಬೆಲೆಗಟ್ಟುವ ಅಪರೂಪದ ನಾಣ್ಯಗಳಿಗೂ ವಿನಾಯಿತಿಯಿತ್ತು. ಆಪತ್ಕಾಲಕ್ಕೆಂದು ಕೂಡಿಟ್ಟವನ ಚಿನ್ನ ಹೋಯಿತು, ಹವ್ಯಾಸಕ್ಕೆಂದು ಕೂಡಿಟ್ಟವನದು ಉಳಿಯಿತು! ಮರುವರ್ಷದ ಜನವರಿಯಲ್ಲಿ ಸರ್ಕಾರವೇ ಚಿನ್ನದ ಬೆಲೆಯನ್ನು 35 ಡಾಲರಿಗೆ ಏರಿಸಿತು. ಒಪ್ಪಿಸಿದವನಿಗೆ ಆ ಏರಿಕೆಯಲ್ಲಿ ಪಾಲಿಲ್ಲ.

ಇದನ್ನು ಬರಿಯ ದರೋಡೆಯೆನ್ನಲು ನಮಗೆ ಮನಸ್ಸು ಬಾರದು. ಬೆಳೆಯ ಬೆಲೆ ನೆಲಕಚ್ಚಿದ್ದರೂ ರೈತನ ಸಾಲ ಕರಗಿರಲಿಲ್ಲ. ಅನೇಕ ಸಾಲಪತ್ರಗಳಲ್ಲಿ 'ಚಿನ್ನದಲ್ಲಿಯೇ ತೀರಿಸತಕ್ಕದ್ದು' ಎಂಬ ಕರಾರಿತ್ತು. ಅದನ್ನು ಉಳಿಸಿದ್ದರೆ, ಹೊಸ ಬೆಲೆಯಂತೆ ನೂರು ಡಾಲರಿನ ಸಾಲಕ್ಕೆ 169 ಡಾಲರು ತೆರಬೇಕಾಗುತ್ತಿತ್ತು. ಸಾಲಿಗನ ಕೊರಳಿಗೆ ಉರುಳಾಗುವ ಮಾತನ್ನು ಸಡಿಲಿಸುವುದು ದಯೆಯೇ ಸರಿ.

ಆದರೆ ಸರ್ಕಾರವು ತನ್ನ ಬಾಂಡುಗಳ ಮೇಲೂ ಅದೇ ಕರಾರನ್ನು ಅಚ್ಚುಹಾಕಿಸಿತ್ತು. 1935ರ ಫೆಬ್ರುವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸರ್ಕಾರದ ಮಾತನ್ನು ಅಳಿಸಲು ಶಾಸನಸಭೆಗೆ ಅಧಿಕಾರವಿಲ್ಲವೆಂದಿತು. ಜೊತೆಗೇ ಬಾಂಡುದಾರನಿಗೆ ನಷ್ಟವಾದುದು ಸಿದ್ಧವಾಗಿಲ್ಲವೆಂದು ಹೇಳಿ ಬರಿಗೈಯಲ್ಲಿ ಕಳಿಸಿತು. ತಪ್ಪುಂಟು, ಪರಿಹಾರವಿಲ್ಲ. ನಮ್ಮನ್ನು ಕಾಡುವುದು ಈ ಜಾಣತನ. ಪುಣ್ಯಕೋಟಿ ಮಾತನ್ನು ಉಳಿಸಿಕೊಂಡುದು ತನ್ನ ಪ್ರಾಣವನ್ನು ಒತ್ತೆಯಿಟ್ಟು. ರಾಜ್ಯವು ಮಾತು ಕೊಡುವುದೂ ಪರರ ಗಂಟಿನ ಮೇಲೆ, ಮುರಿಯುವುದೂ ಪರರ ಗಂಟಿನ ಮೇಲೆ. ಆದುದರಿಂದ ಮುರಿಯಲೇಬೇಕಾದಾಗ 'ಮುರಿದೆವು, ಇಂಥವರಿಗೆ ಇಷ್ಟು ನಷ್ಟವಾಯಿತು' ಎಂದು ಲೆಕ್ಕ ಒಪ್ಪಿಸುವ ಋಣವಾದರೂ ಅದಕ್ಕಿದೆಯೆಂಬುದು ನಮ್ಮ ನಿಲುವು.

ಭಾರತದಲ್ಲಿ ಆ ಲೆಕ್ಕ ತೆತ್ತವರು ಅಕ್ಕಸಾಲಿಗರು. ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, 14 ಕ್ಯಾರೆಟ್ಟಿಗೆ ಮೀರಿದ ಹೊಸ ಒಡವೆ ಮಾಡಬಾರದೆಂಬ ನಿಯಮ ಬಂದಿತು. ದೇಶದ ಉದ್ದಗಲಕ್ಕೂ ಅಗ್ಗಿಷ್ಟಿಕೆಗಳು ಆರಿದವು. ಚಿನ್ನ ನಿಯಂತ್ರಣ ಕಾಯಿದೆ ತೊಲಗಿದುದು 1990ರಲ್ಲಿ.

ಇನ್ನು ಆ ನಾಣ್ಯದ ಗತಿ. 1933ರ ಮುದ್ರೆಯ 4,45,500 ಡಬಲ್ ಈಗಲ್‌ಗಳು ಚಲಾವಣೆಗೆ ಬಾರದೆ, ಬಹುತೇಕ ಎಲ್ಲವೂ 1937ರಲ್ಲಿ ಕರಗಿಹೋದವು. ಟಂಕಸಾಲೆಯಿಂದ ಕಳವಾಗಿ ಉಳಿದವುಗಳಲ್ಲಿ ಒಂದು 2002ರಲ್ಲಿ ಸುಮಾರು 76 ಲಕ್ಷ ಡಾಲರಿಗೆ ಹರಾಜಾಯಿತು. ಅದು ಕಾನೂನಿನ ಕಣ್ಣಿಗೆ ಹಣವೆನಿಸಬೇಕಾದರೆ ಮುಖಬೆಲೆ ಖಜಾನೆಗೆ ಸಲ್ಲಬೇಕಷ್ಟೆ. ಕೊಂಡವರಿಂದ ಇನ್ನೂ ಇಪ್ಪತ್ತು ಡಾಲರನ್ನು ಕೇಳಿ ಪಡೆದರು.